10 ಮೀಟರ್ ಏರ್ ಪಿಸ್ತೂಲ್: ಯಾವ ಪೆಲೆಟ್, ಎಷ್ಟು ವೇಗ, ಟ್ರಿಗರ್ ಎಷ್ಟಕ್ಕೆ ಇಡಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕ್ಲಬ್ಬಿನ ಪಿಸ್ತೂಲ್ ಬಿಟ್ಟು ಸ್ವಂತಕ್ಕೆ ಸೆಕೆಂಡ್ ಹ್ಯಾಂಡ್ ಸ್ಟೆಯರ್ ಎಲ್‌ಪಿ10 ಏರ್ ಪಿಸ್ತೂಲ್ ತೆಗೆದುಕೊಂಡಿದ್ದೇನೆ. 60 ಗುಂಡಿಗೆ ಸ್ಕೋರ್ 550ರ ಆಸುಪಾಸು ಬರುತ್ತಿದೆ. ಸ್ಟೇಟ್ ಚಾಂಪಿಯನ್‌ಶಿಪ್ ಒಳಗೆ ಪಿಸ್ತೂಲನ್ನು ಹದಕ್ಕೆ ತಂದುಕೊಳ್ಳಬೇಕು. ತಿಳಿದವರು ದಯವಿಟ್ಟು ಹೇಳಿ.

ಮೊದಲನೆಯದು ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು. ಕೈಯಲ್ಲಿರುವುದು ಆರ್‌ಡಬ್ಲ್ಯೂಎಸ್ ಆರ್10 ಪಿಸ್ತೂಲ್ (0.45 ಗ್ರಾಂ) ಮತ್ತು ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್. ಒಬ್ಬರು 4.49 ಹೆಡ್ ಅನ್ನುತ್ತಾರೆ, ಇನ್ನೊಬ್ಬರು 4.50 ಬಿಟ್ಟು ಬೇರೆ ಮುಟ್ಟಲೇಬೇಡ ಅನ್ನುತ್ತಾರೆ. ರೈಫಲ್‌ನವರ 0.53 ಗ್ರಾಂ ಪೆಲೆಟ್ ಹಾಕಿದರೆ ಆಗುತ್ತದೆಯೇ?

ಎರಡನೆಯದು, ಪಿಸ್ತೂಲನ್ನು ಸ್ವಲ್ಪ ಹೊತ್ತು ಟೇಬಲ್ ಮೇಲಿಟ್ಟು ಮತ್ತೆ ಎತ್ತಿ ಹೊಡೆದರೆ ಮೊದಲ ಗುಂಡು ಕೆಳಗೆ ಹೋಗುತ್ತದೆ, ಎಷ್ಟೋ ಸಲ 8ರ ಕೆಳಭಾಗಕ್ಕೆ. ಇದು ಪೆಲೆಟ್‌ನದೋ, ಪಿಸ್ತೂಲಿನದೋ?

ಮೂರನೆಯದು ಟ್ರಿಗರ್. ಅದನ್ನು ಒತ್ತಲು ಬೇಕಾದ ತೂಕ ಕನಿಷ್ಠ 500 ಗ್ರಾಂ ಇರಬೇಕು ಅಂತ ನಿಯಮ ಅನ್ನುತ್ತದೆ. ಸರಿಯಾಗಿ 500ಕ್ಕೇ ಇಟ್ಟರೆ ಸಾಲದೇ?

ಹತ್ತರ_ವೃತ್ತ

ಪೆಲೆಟ್ ವಿಷಯ ನಾನು ಹೇಳುತ್ತೇನೆ. ಮಿಕ್ಕದ್ದಕ್ಕೆ ಬೇರೆಯವರು ಬರುತ್ತಾರೆ.

ಪೆಲೆಟ್‌ನಿಂದ ನಿಮಗೆ ಎಷ್ಟು ಅಂಕ ಸಿಗಬಹುದು ಅನ್ನುವುದನ್ನು ಮೊದಲು ಲೆಕ್ಕ ಹಾಕಿಕೊಳ್ಳಿ, ಆಮೇಲೆ ದುಡ್ಡು ಹಾಕಿ. ಏರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ 10ರ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್ 4.5 ಮಿ.ಮೀ. ಪೆಲೆಟ್‌ನ ಅಂಚು ಗೆರೆ ಮುಟ್ಟಿದರೂ 10. ಅಂದರೆ ಪೆಲೆಟ್‌ನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಸಾಕು. ಅಲ್ಲಿಂದಾಚೆ ಪ್ರತಿ 8 ಮಿ.ಮೀ.ಗೆ ಒಂದು ಅಂಕ ಇಳಿಯುತ್ತದೆ, ದಶಮಾಂಶದಲ್ಲಿ ಹೇಳುವುದಾದರೆ 0.8 ಮಿ.ಮೀ.ಗೆ 0.1.

550 ಹೊಡೆಯುವವರ ಗುಂಡುಗಳು ಕೇಂದ್ರದಿಂದ ಸರಾಸರಿ 11 ಮಿ.ಮೀ. ದೂರ ಬೀಳುತ್ತವೆ. ಇದು ಕೈಯ ಚದುರುವಿಕೆ. ಒಳ್ಳೆಯ ಪೆಲೆಟ್, ಹೊಂದುವ ಬ್ಯಾರೆಲ್ ಇದ್ದರೆ ವೈಸ್‌ನಲ್ಲಿ (ಕಬ್ಬಿಣದ ಹಿಡಿಕಟ್ಟು) ಬಿಗಿದು ಹೊಡೆದ 10 ಗುಂಡಿನ ಗ್ರೂಪ್, ಅಂದರೆ ಅತಿ ದೂರದ ಎರಡು ತೂತುಗಳ ಅಂತರ, ನಡುವಿನಿಂದ ನಡುವಿಗೆ ಸುಮಾರು 3 ಮಿ.ಮೀ. ಬರುತ್ತದೆ. ಈ ಎರಡು ಚದುರುವಿಕೆ ನೇರವಾಗಿ ಕೂಡಿಕೊಳ್ಳುವುದಿಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗಾಗಿ ದೊಡ್ಡದು ಚಿಕ್ಕದನ್ನು ನುಂಗಿಬಿಡುತ್ತದೆ. ಲೆಕ್ಕ ಹಾಕಿದರೆ 3 ಮಿ.ಮೀ. ಪೆಲೆಟ್‌ಗೂ 5 ಮಿ.ಮೀ. ಪೆಲೆಟ್‌ಗೂ ನಿಮ್ಮ ಮಟ್ಟದಲ್ಲಿ 60 ಗುಂಡಿಗೆ ವ್ಯತ್ಯಾಸ ಬರೀ ಅರ್ಧ ಅಂಕ. 8 ಮಿ.ಮೀ. ಗ್ರೂಪ್ ಕೊಡುವ ಪೆಲೆಟ್ ಆದರೆ ಎರಡು ಅಂಕದಷ್ಟು ಹೋಗುತ್ತದೆ. ಬ್ಯಾರೆಲ್‌ಗೆ ಒಗ್ಗದ ಪೆಲೆಟ್ ಯಾವುದು ಅಂತ ಕಂಡುಹಿಡಿದು ದೂರ ಇಡುವುದೇ ನಿಮ್ಮ ಪರೀಕ್ಷೆಯ ಕೆಲಸ. ಅತ್ಯುತ್ತಮದ ಬೇಟೆ 575 ದಾಟಿದ ಮೇಲೆ ಇದ್ದೇ ಇದೆ.

ಇನ್ನು ಹೆಡ್ ಸೈಜ್. 4.49, 4.50 ಅನ್ನುವುದು ತಲೆಯ ವ್ಯಾಸ. ಬ್ಯಾರೆಲ್ ಒಳಗಿನ ಸುರುಳಿ ಏಣುಗಳ ಮೇಲೆ ತಲೆ ಸವರಿಕೊಂಡು ಹೋಗುತ್ತದೆ, ಹಿಂದಿನ ಸ್ಕರ್ಟ್ ಗಾಳಿಯ ಒತ್ತಡಕ್ಕೆ ಅರಳಿ ಸೀಲ್ ಮಾಡುತ್ತದೆ. ತಲೆ ಸಣ್ಣದಾದರೆ ಪೆಲೆಟ್ ಒಳಗೆ ಓರೆಯಾಗಿ ಕೂರಬಹುದು, ದೊಡ್ಡದಾದರೆ ಘರ್ಷಣೆ ಹೆಚ್ಚಿ ವೇಗ ಏರುಪೇರಾಗುತ್ತದೆ. ಆದರೆ ಒಂದೊಂದು ಬ್ಯಾರೆಲ್ ಒಂದೊಂದು ಥರ. ಇನ್ನೊಬ್ಬರ ಎಲ್‌ಪಿ10ಕ್ಕೆ 4.50 ಒಗ್ಗಿತು ಅಂದಮಾತ್ರಕ್ಕೆ ನಿಮ್ಮದಕ್ಕೂ ಒಗ್ಗಬೇಕೆಂದಿಲ್ಲ. ಅಷ್ಟೇ ಅಲ್ಲ, ಅದೇ ಬ್ರ್ಯಾಂಡ್, ಅದೇ ಸೈಜ್, ಬೇರೆ ಲಾಟ್ (ಒಂದೇ ಸಲ ತಯಾರಾದ ಕಂತು) ಆದರೂ ಗ್ರೂಪ್ ಬದಲಾಗುತ್ತದೆ. ಆದ್ದರಿಂದ ಟೆಸ್ಟ್ ಮಾಡುವುದು ಲಾಟನ್ನು. ಡಬ್ಬಿಯ ಮೇಲೆ ಅಂಟಿಸಿದ ಲಾಟ್ ನಂಬರ್ ಬರೆದಿಟ್ಟುಕೊಳ್ಳಿ, ಒಗ್ಗಿದರೆ ಅದೇ ನಂಬರಿನ ಡಬ್ಬಿಗಳನ್ನು ಸೀಸನ್‌ಗಾಗುವಷ್ಟು ಒಟ್ಟಿಗೆ ತೆಗೆದುಬಿಡಿ. ಸೈಟರ್ (ಮ್ಯಾಚ್‌ಗೆ ಮುಂಚಿನ ಲೆಕ್ಕಕ್ಕಿಲ್ಲದ ಗುಂಡು) ಸೇರಿ ಒಂದು ಮ್ಯಾಚ್‌ಗೆ 75–80 ಪೆಲೆಟ್ ಬೇಕು, 500ರ ಡಬ್ಬಿ ಆರು ಮ್ಯಾಚ್‌ಗೆ ಬರುತ್ತದೆ. ಪ್ರಾಕ್ಟೀಸ್‌ಗೆ ಅಗ್ಗದ್ದು ಹೊಡೆಯಬಹುದು, ಆದರೆ ತೂಕ ಹತ್ತಿರದ್ದಿರಲಿ. ಇಲ್ಲದಿದ್ದರೆ ಪ್ರತಿ ಸಲ ಸೈಟ್ ತಿರುಗಿಸುತ್ತಾ ಕೂರಬೇಕು.

0.53 ಗ್ರಾಂ ಹಾಕಬಾರದೆಂದೇನಿಲ್ಲ. ಭಾರದ ಪೆಲೆಟ್ ನಿಧಾನ ಹೋಗುತ್ತದೆ, ಬ್ಯಾರೆಲ್ ಬಿಡುವ ಹೊತ್ತಿಗೆ ಕೈ ಇನ್ನಷ್ಟು ಅಲುಗಿರುತ್ತದೆ. ಪಿಸ್ತೂಲಿಗೆ 0.45ರಿಂದ 0.51 ಗ್ರಾಂ ಸಾಮಾನ್ಯ. ಆದರೂ ಕೆಲವು ಬ್ಯಾರೆಲ್‌ಗಳು ರೈಫಲ್ ಪೆಲೆಟ್‌ನಲ್ಲೇ ಚೆನ್ನಾಗಿ ಹೊಡೆಯುತ್ತವೆ. ಟೆಸ್ಟ್‌ನಲ್ಲಿ ಅದನ್ನೂ ಸೇರಿಸಿಕೊಳ್ಳಿ, ನಷ್ಟವಿಲ್ಲ.

ಟೆಸ್ಟ್ ಹೀಗೆ ಮಾಡಿ. ಗ್ರಿಪ್ ಬಿಚ್ಚಿ, ಫ್ರೇಮನ್ನು ವೈಸ್‌ನಲ್ಲಿ ರಬ್ಬರ್ ಇಲ್ಲವೇ ಮರದ ತುಂಡಿನ ನಡುವೆ ಹಿಡಿಸಿ. ಬ್ಯಾರೆಲನ್ನಾಗಲಿ ಸಿಲಿಂಡರನ್ನಾಗಲಿ ಹಿಡಿಸಬೇಡಿ. ಬ್ಯಾರೆಲ್ ಹಿಡಿಸಿದರೆ ಗ್ರೂಪ್ ಕೆಡುತ್ತದೆ, ಸಿಲಿಂಡರ್ ಹಿಡಿಸುವುದು ಅಪಾಯ. ಬ್ಯಾರೆಲ್ ಒಳಗೆ ಫೆಲ್ಟ್ ಪೆಲೆಟ್ (ಉಣ್ಣೆಬಟ್ಟೆಯ ತುಂಡು) ಓಡಿಸಿ ಸ್ವಚ್ಛ ಮಾಡಿ. ಹೊಸ ಲಾಟ್ ಶುರು ಮಾಡುವಾಗ 10 ಗುಂಡು ಲೆಕ್ಕಕ್ಕಿಲ್ಲದೆ ಹೊಡೆಯಿರಿ, ಹಳೆಯ ಪೆಲೆಟ್‌ನ ಸೀಸ ಬ್ಯಾರೆಲ್‌ನಲ್ಲಿ ಉಳಿದಿರುತ್ತದೆ. ಆಮೇಲೆ ಒಂದೊಂದು ಹೊಸ ಕಾಗದಕ್ಕೆ 10ರಂತೆ ಮೂರು ಗ್ರೂಪ್. ವರ್ನಿಯರ್‌ನಿಂದ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಮೂರರ ಸರಾಸರಿ ನೋಡಿ. ಮೂರರಲ್ಲಿ ಚಂದದ್ದೊಂದನ್ನು ಆರಿಸಿಕೊಳ್ಳಬೇಡಿ.

5 ಗುಂಡಿನ ಗ್ರೂಪನ್ನು 10 ಗುಂಡಿನ ಗ್ರೂಪಿಗೆ ಹೋಲಿಸುವವರು ಬಹಳ. ಅದೇ ಪೆಲೆಟ್, ಅದೇ ಬ್ಯಾರೆಲ್ ಆದರೂ 5ರ ಗ್ರೂಪ್ ಸರಾಸರಿ ಐದನೇ ಒಂದು ಭಾಗ ಚಿಕ್ಕದಾಗಿಯೇ ಬರುತ್ತದೆ, ಗುಂಡು ಕಡಿಮೆ ಇದ್ದರೆ ದೂರ ಹೋಗುವ ಅವಕಾಶವೂ ಕಡಿಮೆ. ಇಂಥ ಹೋಲಿಕೆಯಿಂದ ಒಳ್ಳೆಯ ಲಾಟ್‌ಗಳು ಮೂಲೆ ಸೇರುತ್ತವೆ.

ಗಾಳಿ_ಮತ್ತು_ಸೀಸ

ಮೊದಲ ಗುಂಡು ಕೆಳಗೆ ಹೋಗುವ ವಿಷಯ. ಪಿಸ್ತೂಲ್ ಬಿಚ್ಚುವ ಮೊದಲು ಪಿಸ್ತೂಲಿನ ಕೈಲಿ ಏನಾಗಲು ಸಾಧ್ಯ ಅಂತ ನೋಡೋಣ.

ಪೆಲೆಟ್ 150 ಮೀ/ಸೆಕೆಂಡ್ ವೇಗದಲ್ಲಿ ಹೊರಟರೆ 10 ಮೀಟರ್ ತಲುಪಲು ಸುಮಾರು 0.067 ಸೆಕೆಂಡ್, ಅಷ್ಟರಲ್ಲಿ 22 ಮಿ.ಮೀ. ಬೀಳುತ್ತದೆ. ಸೈಟ್ ಅದಕ್ಕೆ ಹೊಂದಿಸಿಯೇ ಇರುತ್ತದೆ. ವೇಗ 145ಕ್ಕೆ ಇಳಿದರೆ ಬೀಳುವುದು 23.3, ಅಂದರೆ ಗುಂಡು 1.5 ಮಿ.ಮೀ. ಕೆಳಗೆ. 8ರ ಕೆಳಭಾಗ ಅಂದರೆ ಕೇಂದ್ರದಿಂದ ಕಡಿಮೆಯೆಂದರೂ 16 ಮಿ.ಮೀ. ಬರೀ ವೇಗ ಇಳಿದು ಅಷ್ಟು ಕೆಳಗೆ ಹೋಗಬೇಕಾದರೆ 150ರಿಂದ 115ರ ಹತ್ತಿರಕ್ಕೆ ಬೀಳಬೇಕು. ಹಾಗೇನಾದರೂ ಆಗಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆದ್ದರಿಂದ 8ಕ್ಕೆ ಹೋದ ಗುಂಡಿನಲ್ಲಿ ಪಿಸ್ತೂಲಿನ ಪಾಲು ಇರಬಹುದು, ಪೂರ್ತಿ ಅದರದ್ದೇ ಅಲ್ಲ.

ಪಿಸ್ತೂಲಿನ ಪಾಲು ಎಷ್ಟು ಅಂತ ತಿಳಿಯಲು ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕು. ಕ್ಲಬ್ಬಿನಲ್ಲಿ ಯಾರ ಹತ್ತಿರವಾದರೂ ಇರುತ್ತದೆ. ಸಿಲಿಂಡರ್ ತುಂಬಿಸಿ, 10 ಗುಂಡು ಒಂದೇ ಲಯದಲ್ಲಿ ಹೊಡೆದು ಪ್ರತಿಯೊಂದರ ವೇಗ ಬರೆದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 3 ಮೀ/ಸೆಕೆಂಡ್ ಒಳಗಿದ್ದರೆ ಚಿಂತೆಯಿಲ್ಲ. ಆಮೇಲೆ ಪಿಸ್ತೂಲನ್ನು 15 ನಿಮಿಷ ಸುಮ್ಮನೆ ಇಡಿ. ಮತ್ತೆ ಐದು ಗುಂಡು ಹೊಡೆದು ಮೊದಲನೆಯದನ್ನು ಮಾತ್ರ ಬೇರೆಯಾಗಿ ನೋಡಿ.

ಮೊದಲ ಗುಂಡು ಮಾತ್ರ ಬೇರೆಯಾದರೆ ರೆಗ್ಯುಲೇಟರ್ ಸಂಶಯ. ಸಿಲಿಂಡರ್‌ನ 200 ಬಾರ್ ಒತ್ತಡವನ್ನು ಇಳಿಸಿ ಮುಂದಿನ ಚಿಕ್ಕ ಕೋಣೆಗೆ ಒಂದೇ ಸಮನಾಗಿ ಕೊಡುವುದು ಅದರ ಕೆಲಸ. ಒಳಗಿನ ಸೀಟ್ ಸವೆದರೆ, ಅಥವಾ ಅದರ ಮೇಲೊಂದು ಧೂಳಿನ ಕಣ ಕೂತರೆ, ಪಿಸ್ತೂಲ್ ಸುಮ್ಮನಿದ್ದಾಗ ಗಾಳಿ ಮೆಲ್ಲಗೆ ಆ ಕೋಣೆಗೆ ನುಸುಳುತ್ತದೆ. ಒತ್ತಡ ಏರಿತು ಅಂದರೆ ವೇಗ ಹೆಚ್ಚಬೇಕಲ್ಲವೇ ಅಂತ ಕೇಳುತ್ತಾರೆ. ಕೆಲವು ಪಿಸ್ತೂಲಿನಲ್ಲಿ ಹೆಚ್ಚುತ್ತದೆ. ಇನ್ನು ಕೆಲವುಗಳಲ್ಲಿ ಅದೇ ಒತ್ತಡ ವಾಲ್ವನ್ನು ಬಿಗಿಯಾಗಿ ಮುಚ್ಚಿ ಹಿಡಿಯುತ್ತದೆ, ಹ್ಯಾಮರ್ ಹೊಡೆದರೂ ವಾಲ್ವ್ ಸ್ವಲ್ಪವೇ ತೆರೆದು ವೇಗ ಇಳಿಯುತ್ತದೆ. ಎರಡೂ ಒಂದೇ ರೋಗ.

ಎಲ್ಲಾ ಗುಂಡುಗಳ ವೇಗವೂ ಏರುಪೇರಾಗುತ್ತಿದ್ದರೆ ಪೆಲೆಟ್ ಹಾಕುವ ಜಾಗದ, ಅಂದರೆ ಬ್ರೀಚ್‌ನ, ಓ-ರಿಂಗ್ (ಸೀಲ್ ಮಾಡುವ ರಬ್ಬರ್ ಬಳೆ) ನೋಡಿ. ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಬ್ರೀಚ್ ಪಕ್ಕ ಹಿಡಿದು, ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಇಟ್ಟು ಒಂದು ಗುಂಡು ಹೊಡೆಯಿರಿ. ಪಟ್ಟಿ ಅಲುಗಿದರೆ ಅಲ್ಲಿಂದ ಗಾಳಿ ಸೋರುತ್ತಿದೆ. ಓ-ರಿಂಗ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಎತ್ತುವಾಗ ಅದು ಕೂರುವ ತೋಡಿಗೆ ಗೀರು ಬೀಳದಂತೆ ಸೂಜಿಯ ಬದಲು ಮರದ ಟೂತ್‌ಪಿಕ್ ಬಳಸಿ.

ಸಿಲಿಂಡರ್ ಒತ್ತಡ 70–80 ಬಾರ್‌ಗಿಂತ ಕೆಳಗಿಳಿದ ಮೇಲೆ ರೆಗ್ಯುಲೇಟರ್‌ಗೆ ಹಿಡಿತ ಸಿಗುವುದಿಲ್ಲ, ಗುಂಡುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಮ್ಯಾಚ್‌ಗೆ ಮುಂಚೆ ತುಂಬಿಸಿಕೊಂಡೇ ಹೋಗಿ.

ವೇಗದ ಸ್ಕ್ರೂ ಮುಟ್ಟಬೇಡಿ. ಬಹಳ ಜನ ಮೊದಲು ಅದನ್ನೇ ತಿರುಗಿಸುತ್ತಾರೆ. 155ಕ್ಕೆ ಏರಿಸಿದರೆ ಪಿಸ್ತೂಲ್ ಮೇಲಕ್ಕೆ ನೆಗೆಯುವುದು ಹೆಚ್ಚುತ್ತದೆ, ಒಂದು ಸಿಲಿಂಡರ್‌ನಲ್ಲಿ ಸಿಗುವ ಗುಂಡು ಕಡಿಮೆಯಾಗುತ್ತದೆ, ಗ್ರೂಪ್ ಚಿಕ್ಕದಾಗುವುದಿಲ್ಲ. ಕ್ರೋನೋಗ್ರಾಫ್ ಇಲ್ಲದೆ ತಿರುಗಿಸಿದರಂತೂ ಎಲ್ಲಿಂದ ಹೊರಟೆವೆಂಬುದೇ ಕಳೆದುಹೋಗುತ್ತದೆ.

ಇನ್ನೊಂದು. ಸೆಕೆಂಡ್ ಹ್ಯಾಂಡ್ ಅಂದಿರಿ. ಸಿಲಿಂಡರ್ ಮೇಲೆ ಕೊರೆದಿರುವ ತಿಂಗಳು–ವರ್ಷ ನೋಡಿದಿರಾ? ತಯಾರಾದಂದಿನಿಂದ 10 ವರ್ಷ ಅದರ ಆಯಸ್ಸು. ಅವಧಿ ಮುಗಿದ ಸಿಲಿಂಡರ್ ಬಳಸದಿರುವುದು ಶೂಟರ್‌ನ ಜವಾಬ್ದಾರಿ ಅಂತ ನಿಯಮವೇ ಹೇಳುತ್ತದೆ. ಹಳೆಯದಾಗಿದ್ದರೆ ಪೆಲೆಟ್‌ಗಿಂತ ಮೊದಲು ಸಿಲಿಂಡರ್ ತೆಗೆದುಕೊಳ್ಳಿ.

ಕಂಟ್ರೋಲ್_ಟೇಬಲ್

ಟ್ರಿಗರ್ ಪ್ರಶ್ನೆಗೆ ಉತ್ತರ: 500ಕ್ಕೇ ಇಡಬೇಡಿ. 510ರಿಂದ 520 ಗ್ರಾಂ ಇಡಿ.

ಕಾರಣ ಮ್ಯಾಚ್‌ನ ಕಂಟ್ರೋಲ್ ಟೇಬಲ್‌ನಲ್ಲಿ, ಅಂದರೆ ಪಿಸ್ತೂಲ್ ತಪಾಸಣೆಯಲ್ಲಿ, ತೂಕ ಹಾಕುವ ರೀತಿಯಲ್ಲಿದೆ. ಬ್ಯಾರೆಲನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರ್‌ನ ನಡುಭಾಗಕ್ಕೆ 500 ಗ್ರಾಂ ತೂಕ ಸಿಕ್ಕಿಸಿ, ಮೇಜಿನಿಂದ ಮೆಲ್ಲಗೆ ಎತ್ತಬೇಕು. ತೂಕ ಪೂರ್ತಿ ಮೇಲೆದ್ದರೂ ಟ್ರಿಗರ್ ಬಿಡಬಾರದು. ಏರ್ ಪಿಸ್ತೂಲನ್ನು ಗಾಳಿ ತುಂಬಿ ಕಾಕ್ ಮಾಡಿಯೇ ನೋಡುತ್ತಾರೆ. ಮೂರು ಪ್ರಯತ್ನ ಕೊಡುತ್ತಾರೆ, ದಾಟದಿದ್ದರೆ ಸರಿಮಾಡಿಕೊಂಡು ಮತ್ತೆ ಬರಬೇಕು. ಮ್ಯಾಚ್ ಮುಗಿದ ಮೇಲೂ ಯಾರನ್ನಾದರೂ ಕರೆದು ಮತ್ತೆ ತೂಕ ನೋಡುತ್ತಾರೆ, ಆಗ ದಾಟದಿದ್ದರೆ ಡಿಸ್‌ಕ್ವಾಲಿಫೈ. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿಯಲ್ಲಿ 500 ಕಂಡಿದ್ದು ಅಲ್ಲಿ 495 ಆಗಿರಬಹುದು. ಆ 10–20 ಗ್ರಾಂ ಹೆಚ್ಚು ಬೆರಳಿಗೆ ಗೊತ್ತೇ ಆಗುವುದಿಲ್ಲ, ಟೇಬಲ್ ಮುಂದೆ ಮಾತ್ರ ಬಹಳ ದೊಡ್ಡದು.

ಅಳೆಯುವುದಕ್ಕಿಂತ ಮುಖ್ಯ, ಹೊಂದಿಸುವ ಕ್ರಮ. ಮೊದಲು ಟ್ರಿಗರ್ ಬ್ಲೇಡ್‌ನ ಜಾಗ: ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಬ್ಲೇಡಿನ ಮೇಲೆ ಕೂತು, ಬೆರಳಿನ ಉಳಿದ ಭಾಗಕ್ಕೂ ಗ್ರಿಪ್‌ಗೂ ನಡುವೆ ಸಣ್ಣ ಸಂದಿ ಇರಬೇಕು. ಬ್ಲೇಡನ್ನು ಹಿಂದೆ ಮುಂದೆ ಸರಿಸಿದರೆ ಸನ್ನೆಯ ಉದ್ದ ಬದಲಾಗಿ ತೂಕವೂ ಬದಲಾಗುತ್ತದೆ, ಅದಕ್ಕೇ ಜಾಗ ಮೊದಲು, ತೂಕ ಆಮೇಲೆ. ಟ್ರಿಗರ್‌ಗೆ ಎರಡು ಹಂತ: ಮೊದಲು ಬ್ಲೇಡ್ ಸರಿದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಅಲ್ಲಿಂದ ಇನ್ನಷ್ಟು ಒತ್ತಿದರೆ ಗುಂಡು ಹಾರುತ್ತದೆ. ನಂತರ ಹೊಂದಿಸಬೇಕಾದ್ದು ಈ ಎರಡನೇ ಹಂತದ ತೂಕ, 110–130 ಗ್ರಾಂ. ಆಮೇಲೆ ಮೊದಲ ಹಂತವನ್ನು 390–400ಕ್ಕೆ ತಂದು ಒಟ್ಟು ಹೊಂದಿಸಿ. ಎರಡನೇ ಹಂತ ತೀರಾ ಹಗುರವಾದರೆ ಗೋಡೆ ಎಲ್ಲಿದೆ ಅಂತ ಬೆರಳಿಗೆ ಸಿಗುವುದಿಲ್ಲ, ಗುರಿ ಇನ್ನೂ ಕೂರುವ ಮೊದಲೇ ಗುಂಡು ಹಾರಿರುತ್ತದೆ. ತೀರಾ ಭಾರವಾದರೆ ಬೆರಳಿನ ಜೊತೆ ಮಣಿಕಟ್ಟೂ ಒತ್ತುತ್ತದೆ, ಮುಂದಿನ ಸೈಟ್ ಕೆಳಗೆ ಬಾಗುತ್ತದೆ. ನಿಮ್ಮ ಕೆಳಗಿನ 8 ಅಲ್ಲಿಂದಲೂ ಬರುತ್ತಿರಬಹುದು.

ಕೊನೆಗೆ ಟ್ರಿಗರ್ ಸ್ಟಾಪ್. ಗುಂಡು ಹಾರಿದ ಮೇಲೆ ಬ್ಲೇಡ್ ಕೂದಲೆಳೆಯಷ್ಟು ಮಾತ್ರ ಹಿಂದೆ ಹೋಗಬೇಕು. ಹಾಗಂತ ತೀರಾ ಬಿಗಿ ಮಾಡಿದರೆ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಪೂರ್ತಿ ಬಿಡುವ ಮೊದಲೇ ಬ್ಲೇಡ್ ನಿಂತುಬಿಡುತ್ತದೆ. ಟ್ರಿಗರ್ ಒತ್ತಿದರೂ ಗುಂಡು ಹಾರುವುದಿಲ್ಲ, ಅದೂ ಒಮ್ಮೊಮ್ಮೆ ಮಾತ್ರ. ಇಂಥ ಒಮ್ಮೊಮ್ಮೆಯ ತೊಂದರೆ ಮ್ಯಾಚ್‌ನಲ್ಲಿ ಬಂದರೆ ತಲೆ ಕೆಡುತ್ತದೆ. ಸ್ಟಾಪ್ ಮುಟ್ಟುವ ಜಾಗ ಸಿಕ್ಕ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ.

ಯಾವ ಸ್ಕ್ರೂ ಆದರೂ ಒಂದು ಸಲಕ್ಕೆ ಅರೆಕಾಲು ಸುತ್ತು, ಒಂದು ಸಲಕ್ಕೆ ಒಂದೇ ಸ್ಕ್ರೂ. ಶುರು ಮಾಡುವ ಮೊದಲು ಪ್ರತಿ ಸ್ಕ್ರೂ ಪೂರ್ತಿ ಒಳಗೆ ಹೋಗಲು ಎಷ್ಟು ಸುತ್ತು ಬೇಕು ಅಂತ ಎಣಿಸಿ ಬರೆದಿಡಿ, ಅಷ್ಟೇ ಸುತ್ತು ಹಿಂದಕ್ಕೆ ತನ್ನಿ. ಹದವಾದ ಮೇಲೆ ಸ್ಕ್ರೂ ತಲೆಗೂ ಫ್ರೇಮಿಗೂ ಸೇರಿ ಒಂದು ಚುಕ್ಕೆ ನೈಲ್ ಪಾಲಿಶ್ ಇಡಿ. ಅದು ಬಿರುಕು ಬಿಟ್ಟರೆ ಸ್ಕ್ರೂ ಸಡಿಲವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ.

ಸಿಯರ್ ಹಿಡಿತದ ಸ್ಕ್ರೂ ಮಾತ್ರ ಅನುಭವವಿರುವ ಆರ್ಮರರ್ (ಪಿಸ್ತೂಲ್ ರಿಪೇರಿಯವರು) ಇಲ್ಲದೆ ಮುಟ್ಟಬೇಡಿ. ಹಿಡಿತ ಕಡಿಮೆಯಾದರೆ ಲಿವರ್ ಮುಚ್ಚುವಾಗಲೇ ಗುಂಡು ಹಾರುತ್ತದೆ. ಹೊಂದಿಸುವ ಕೆಲಸವೆಲ್ಲಾ ಪೆಲೆಟ್ ಇಲ್ಲದೆ, ಬ್ಯಾರೆಲ್ ಸುರಕ್ಷಿತ ಗೋಡೆಯ ಕಡೆ ಇಟ್ಟೇ ಮಾಡಿ.

ಪಿಸ್ತೂಲ್ ಮ್ಯಾಚ್ ನಡುವೆ ಕೈಕೊಟ್ಟರೆ ಎಷ್ಟು ಕಷ್ಟ ಅಂತ 2021ರ ಜುಲೈನಲ್ಲಿ ಟೋಕಿಯೋದಲ್ಲಿ ಎಲ್ಲರೂ ನೋಡಿದ್ದೇವೆ. ಮನು ಭಾಕರ್ ಕ್ವಾಲಿಫಿಕೇಶನ್ ನಡುವೆ ಪಿಸ್ತೂಲ್ ಕೆಟ್ಟು ಎಷ್ಟೋ ನಿಮಿಷ ಕಳೆದುಕೊಂಡರು, 575 ಹೊಡೆದು 12ನೇ ಸ್ಥಾನ. ಫೈನಲ್‌ಗೆ ಎಂಟೇ ಜನ. 60 ಗುಂಡಿಗೆ 75 ನಿಮಿಷ ಸಾಕಷ್ಟಾಯಿತು ಅನ್ನಿಸುವುದು ಎಲ್ಲ ಸರಿಯಿದ್ದಾಗ ಮಾತ್ರ. ಅಲೆನ್ ಕೀಗಳು, ಓ-ರಿಂಗ್, ಇನ್ನೊಂದು ತುಂಬಿದ ಸಿಲಿಂಡರ್ ಕಿಟ್‌ನಲ್ಲಿ ಇರಲೇಬೇಕು. ಎಲೆಕ್ಟ್ರಾನಿಕ್ ಟ್ರಿಗರ್‌ನವರಿಗೆ ಹೊಸ ಬ್ಯಾಟರಿ.

ಕಡಲತಡಿ

ಮೇಲಿನವರು ಹೇಳದೆ ಬಿಟ್ಟ ಒಂದೆರಡು ವಿಷಯ ಸೇರಿಸುತ್ತೇನೆ: ಪೆಲೆಟ್ ಇಡುವುದು, ಹಾಕುವುದು, ಗಾಳಿ ತುಂಬುವುದು.

ಸೀಸ ಬಹಳ ಮೆತ್ತಗೆ. ಡಬ್ಬಿ ಒಂದು ಸಲ ಕೈಜಾರಿ ಬಿದ್ದರೆ ಸ್ಕರ್ಟ್‌ಗಳು ಅಂಡಾಕಾರ ಆಗುತ್ತವೆ. ಹಾಗಾದ ಪೆಲೆಟ್ ಒಂದು ಬದಿಯಲ್ಲಿ ಸೀಲ್ ಮಾಡುವುದಿಲ್ಲ, ಬ್ಯಾರೆಲ್ ಬಿಡುವಾಗ ಗಾಳಿ ಓರೆಯಾಗಿ ತಳ್ಳುತ್ತದೆ. ಪೆಲೆಟನ್ನು ಹೆಬ್ಬೆರಳು–ತೋರುಬೆರಳ ನಡುವೆ ಹಿಡಿದು ಹಿಂಭಾಗವನ್ನು ಬೆಳಕಿಗೆ ತೋರಿಸಿ ಒಮ್ಮೆ ತಿರುಗಿಸಿದರೆ ಸಾಕು, ಸೊಟ್ಟ ಕಣ್ಣಿಗೆ ಬೀಳುತ್ತದೆ. ಮ್ಯಾಚ್‌ಗೆ ಬೇಕಾದ 80ನ್ನು ಹಿಂದಿನ ರಾತ್ರಿಯೇ ಹೀಗೆ ನೋಡಿ ಫೋಮ್ ತಟ್ಟೆಯಲ್ಲಿ ಜೋಡಿಸಿಡಿ. ಒಂದೊಂದನ್ನೂ ತೂಗಿ ವಿಂಗಡಿಸುವವರಿದ್ದಾರೆ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ 0.45 ಗ್ರಾಂ ಪೆಲೆಟ್ ತೂಗಿದರೆ ಏನೂ ತಿಳಿಯುವುದಿಲ್ಲ, 0.001 ಗ್ರಾಂ ತೋರಿಸುವುದೇ ಬೇಕು. ಮ್ಯಾಚ್ ದರ್ಜೆಯ ಪೆಲೆಟ್‌ಗೆ ಅಷ್ಟೆಲ್ಲಾ ಕಷ್ಟಪಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಹೊತ್ತಿನಲ್ಲಿ ಡ್ರೈ ಫೈರ್ (ಪೆಲೆಟ್, ಗಾಳಿ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ) ಮಾಡಿದರೆ ಹೆಚ್ಚು ಸಿಗುತ್ತದೆ.

ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಡಬ್ಬಿ ತೆರೆದಿಡಬೇಡಿ. ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಆ ಪೆಲೆಟ್ ಹೊಡೆಯಲೂಬಾರದು, ಉಜ್ಜಿ ತೊಳೆಯಲೂಬಾರದು, ಆ ಪುಡಿ ವಿಷ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ. ಮರದ ಗ್ರಿಪ್ ಕೂಡ ಆ ಹವೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸರಿಯಿದ್ದ ಹಿಡಿತ ಜುಲೈನಲ್ಲಿ ಬಿಗಿಯಾಗುತ್ತದೆ.

ಹಾಕುವಾಗ ತಲೆ ಮುಂದೆ, ಸ್ಕರ್ಟ್ ಹಿಂದೆ. ಹೆಬ್ಬೆರಳಿನಿಂದ ತೊಟ್ಟಿಯಲ್ಲಿ ಇಟ್ಟು ಬಿಡಿ, ಅದುಮಬೇಡಿ. ಒಳಗೆ ತಳ್ಳುವ ಕೆಲಸ ಲಿವರ್‌ನದು. ಅಡ್ಡಬಿದ್ದ ಪೆಲೆಟ್ ಮೇಲೆ ಲಿವರ್ ಮುಚ್ಚಿದರೆ ಸ್ಕರ್ಟ್ ಕತ್ತರಿಸಿ ಓ-ರಿಂಗ್‌ಗೂ ಗಾಯ. ಮುಚ್ಚುವಾಗ ಎಂದಿಗಿಂತ ಗಟ್ಟಿ ಅನ್ನಿಸಿದರೆ ನಿಲ್ಲಿಸಿ, ತೆರೆದು ನೋಡಿ. ಗಮನ ತಪ್ಪಿ ಎರಡು ಪೆಲೆಟ್ ಹಾಕಿದರೆ ಎರಡೂ ನಿಧಾನವಾಗಿ ಹೋಗಿ ಬಹಳ ಕೆಳಗೆ ಬೀಳುತ್ತವೆ. ಪೆಲೆಟ್ ಹಾಕಿದ ಕೈ ಬಾಯಿಗೆ ಬೇಡ, ರೇಂಜ್ ಬಿಡುವಾಗ ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಿರಿ. ಮಕ್ಕಳಿರುವ ಮನೆಯವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಗಾಳಿ ಸ್ಕೂಬಾ ಟ್ಯಾಂಕ್‌ನಿಂದ ತುಂಬಿಸುವುದು ಒಳ್ಳೆಯದು, ಅದು ಒಣಗಾಳಿ. ಕೈಪಂಪ್ ಆದರೆ ಡ್ರೈ ಪ್ಯಾಕ್ (ಗಾಳಿಯ ತೇವ ಹೀರುವ ಭಾಗ) ಇರುವುದನ್ನೇ ಬಳಸಿ, ನಡುನಡುವೆ ನಿಲ್ಲಿಸಿ ಪಂಪ್ ತಣ್ಣಗಾಗಲು ಬಿಡಿ, ಬ್ಲೀಡ್ ಸ್ಕ್ರೂ ತೆರೆದು ನೀರು ಹೊರಹಾಕಿ. ಒಳಗೆ ಹೋದ ನೀರು ರೆಗ್ಯುಲೇಟರ್‌ಗೇ ಬಂದು ಸೇರುವುದು. ಬೇಗ ತುಂಬಿಸಿದರೆ ಸಿಲಿಂಡರ್ ಬಿಸಿಯಾಗಿ ಮೀಟರ್ 200 ತೋರಿಸುತ್ತದೆ, ತಣ್ಣಗಾದ ಮೇಲೆ ಇಳಿಯುತ್ತದೆ. ಸೋರಿಕೆ ಅಂತ ಗಾಬರಿ ಬೇಡ. ಹಾಗೆಯೇ ಇಲ್ಲಿ 30 ಡಿಗ್ರಿಯಲ್ಲಿ 200 ಬಾರ್ ತುಂಬಿಸಿಕೊಂಡು ಡಿಸೆಂಬರ್‌ನಲ್ಲಿ ದೆಹಲಿಯ ಕರ್ಣಿ ಸಿಂಗ್ ರೇಂಜಿಗೆ ಹೋದರೆ, 8 ಡಿಗ್ರಿ ಬೆಳಿಗ್ಗೆ ಮೀಟರ್ 185ರ ಹತ್ತಿರ ಇರುತ್ತದೆ. ತಿರುಗಾಮುರುಗಾ ಆದರೆ ಅಪಾಯ: ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಒತ್ತಡ 200 ಮೀರುತ್ತದೆ. 190ಕ್ಕೆ ನಿಲ್ಲಿಸುವ ಅಭ್ಯಾಸ ಒಳ್ಳೆಯದು.

ಸಿಲಿಂಡರ್‌ನ ತಿರುಪು ಮರೆಗೆ (ಥ್ರೆಡ್), ಅಡಾಪ್ಟರ್‌ಗೆ ಮೆಷಿನ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಹಾಕಬೇಡಿ. ಹೆಚ್ಚು ಒತ್ತಡದ ಗಾಳಿಗೆ ಖನಿಜ ಎಣ್ಣೆ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್, ಅದೂ ಸವರಿದಷ್ಟೇ. ಆಮ್ಲಜನಕದ ಸಿಲಿಂಡರ್‌ನಿಂದ ಯಾವ ಕಾರಣಕ್ಕೂ ತುಂಬಿಸಬೇಡಿ.

ತುಂಗಾತೀರ

ಎಲ್ಲರಿಗೂ ತುಂಬಾ ಧನ್ಯವಾದ. ಕ್ಲಬ್ಬಿನ ಕ್ರೋನೋಗ್ರಾಫ್‌ನಲ್ಲಿ ನೋಡಿದೆ. ಸತತ ಹೊಡೆದಾಗ 149ರಿಂದ 151. ಕಾಲು ಗಂಟೆ ಬಿಟ್ಟು ಹೊಡೆದರೆ ಮೊದಲ ಗುಂಡು 141, ಎರಡನೆಯದರಿಂದ ಮತ್ತೆ 150. ಸಿಲಿಂಡರ್ ದಿನಾಂಕ ಸರಿಯಿದೆ, ಇನ್ನೂ ನಾಲ್ಕು ವರ್ಷ ಇದೆ. ಆರ್10 4.49 ಗ್ರೂಪ್ ಸರಾಸರಿ 3.4 ಮಿ.ಮೀ., ಫಿನಾಲೆ ಮ್ಯಾಚ್ 4.50 ಸರಾಸರಿ 4.1, ರೈಫಲ್ ಪೆಲೆಟ್ 6ರ ಮೇಲೆ. ಟ್ರಿಗರ್‌ನ ಎರಡನೇ ಹಂತ 190 ಗ್ರಾಂ ಇತ್ತು! ರೆಗ್ಯುಲೇಟರ್ ಸರ್ವಿಸ್‌ಗೆ ಕೊಟ್ಟರೆ ಮ್ಯಾಚ್‌ಗೆ ಮುಂಚೆ ವಾಪಸ್ ಬರುವುದು ಅನುಮಾನ. ಅಲ್ಲಿಯವರೆಗೆ ಏನು ಮಾಡಲಿ?

ಗಾಳಿ_ಮತ್ತು_ಸೀಸ

150ಕ್ಕೂ 141ಕ್ಕೂ ವ್ಯತ್ಯಾಸ ಟಾರ್ಗೆಟ್ ಮೇಲೆ ಸುಮಾರು 3 ಮಿ.ಮೀ. ನೀವು ಹೇಳಿದ 8ಕ್ಕೆ ಬೇಕಾದ 16 ಮಿ.ಮೀ.ನಲ್ಲಿ ರೆಗ್ಯುಲೇಟರ್ ಪಾಲು ಅಷ್ಟೇ. ಉಳಿದದ್ದು ಆ 190 ಗ್ರಾಂನಲ್ಲಿ ಮತ್ತು ವಿರಾಮದ ನಂತರ ಇನ್ನೂ ಸೆಟ್ ಆಗದ ಮಣಿಕಟ್ಟಿನಲ್ಲಿದೆ. ಟ್ರಿಗರ್ ಇವತ್ತೇ ಸರಿ ಮಾಡಿಕೊಳ್ಳಿ, ರೆಗ್ಯುಲೇಟರ್ ಮ್ಯಾಚ್ ಮುಗಿದ ಮೇಲೆ ಕೊಡಿ. ಹತ್ತಿರ ಬಂದಾಗ ಬಿಚ್ಚಿಸಿದರೆ ವೇಗ ಬದಲಾಗಿ ಬರುತ್ತದೆ, ಸೈಟ್, ಪೆಲೆಟ್ ಎಲ್ಲಾ ಮತ್ತೆ ನೋಡಬೇಕಾಗುತ್ತದೆ.

ಮ್ಯಾಚ್‌ನಲ್ಲಿ ಹೀಗೆ ಮಾಡಿ. ತಯಾರಿ ಮತ್ತು ಸೈಟಿಂಗ್‌ನ 15 ನಿಮಿಷದ ಕೊನೆಯ ಗುಂಡನ್ನು ಮುಗಿಯಲು ಅರ್ಧ ನಿಮಿಷ ಇದ್ದಾಗ ಹೊಡೆಯಿರಿ, ಮ್ಯಾಚ್‌ನ ಮೊದಲ ಗುಂಡಿನ ತನಕ ಅಂತರ ಕಡಿಮೆ ಇರುತ್ತದೆ. ನಡುವೆ ಉದ್ದದ ವಿರಾಮ ಒಂದೇ ಸಾರಿ ತೆಗೆದುಕೊಳ್ಳುವ ಬದಲು ಎರಡು ಮೂರು ನಿಮಿಷದ್ದಾಗಿ ಒಡೆದುಕೊಳ್ಳಿ. ನುಸುಳುವಿಕೆ ಹೊತ್ತಿನ ಮೇಲೆ ಹೋಗುತ್ತದೆ. 3, 5, 10 ನಿಮಿಷ ಬಿಟ್ಟು ವೇಗ ನೋಡಿ ನಿಮ್ಮ ಪಿಸ್ತೂಲಿಗೆ ಎಷ್ಟರವರೆಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ.

ಗಾಳಿ ಖಾಲಿ ಮಾಡಲು ಪೆಲೆಟ್ ಇಲ್ಲದೆ ಒಂದು ಹೊಡೆದುಬಿಡೋಣ ಅಂತ ಮಾತ್ರ ಯೋಚಿಸಬೇಡಿ. ಮ್ಯಾಚ್ ಶುರುವಾದ ಮೇಲೆ ಗಾಳಿ ಬಿಟ್ಟು ಪೆಲೆಟ್ ಟಾರ್ಗೆಟ್‌ಗೆ ತಾಗದಿದ್ದರೆ ಅದು ಮಿಸ್, ಸೊನ್ನೆ. ಡ್ರೈ ಫೈರ್ ಸ್ವಿಚ್ ಹಾಕಿ ಗಾಳಿ ಬಿಡದೆ ಟ್ರಿಗರ್ ಒತ್ತುವುದಕ್ಕೆ ಅಡ್ಡಿಯಿಲ್ಲ. ವಿರಾಮದ ನಂತರ ಹಾಗೆ ಎರಡು ಸಲ ಒತ್ತಿ ಮುಂದಿನ ಸೈಟ್ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಪೆಲೆಟ್ ಹಾಕಿ. ಸ್ವಿಚ್ ವಾಪಸ್ ತಿರುಗಿಸುವುದು ನೆನಪಿರಲಿ.

ಹತ್ತರ_ವೃತ್ತ

3.4ಕ್ಕೂ 4.1ಕ್ಕೂ ನಡುವೆ ನಿಮ್ಮ ಸ್ಕೋರ್‌ಗೆ ಕಾಲು ಅಂಕದ ವ್ಯತ್ಯಾಸವೂ ಇಲ್ಲ, ಯಾವುದು ಅದೇ ಲಾಟ್‌ನಲ್ಲಿ ಸುಲಭವಾಗಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ. ರೈಫಲ್ ಪೆಲೆಟ್ ಬಿಟ್ಟುಬಿಡಿ. ಒಂದು ಮಾತ್ರ: ಎರಡರ ತೂಕ ಬೇರೆ, ಒಂದರಿಂದ ಇನ್ನೊಂದಕ್ಕೆ ಹೋದರೆ ಎತ್ತರ ಬದಲಾಗುತ್ತದೆ. ಸೈಟನ್ನು 10 ಕ್ಲಿಕ್ ತಿರುಗಿಸಿ ಗ್ರೂಪ್ ಎಷ್ಟು ಮಿ.ಮೀ. ಸರಿಯಿತು ಅಂತ ಅಳೆದು ಹತ್ತರಿಂದ ಭಾಗಿಸಿ. ಆ ಸಂಖ್ಯೆ ಪಿಸ್ತೂಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿಡಿ. ಸೈಟಿಂಗ್ ಹೊತ್ತಿನಲ್ಲಿ ಗ್ರೂಪ್ 6 ಮಿ.ಮೀ. ಎಡಕ್ಕಿದೆ ಅಂತ ಕಂಡರೆ ಎಷ್ಟು ಕ್ಲಿಕ್ ಅಂತ ಯೋಚಿಸುವ ಪ್ರಮೇಯವೇ ಬರುವುದಿಲ್ಲ.

ಕಂಟ್ರೋಲ್_ಟೇಬಲ್

190ರಿಂದ 120ಕ್ಕೆ ಇಳಿಸಿದ ಮೇಲೆ ಒಟ್ಟು ತೂಕ 500ರ ಕೆಳಗೆ ಹೋಗಿರುತ್ತದೆ, ಮೊದಲ ಹಂತದಲ್ಲಿ ಅದನ್ನು ತುಂಬಿಕೊಳ್ಳಿ. ಆಮೇಲೆ ತೂಕವನ್ನು ಹತ್ತು ಸಲ ಎತ್ತಿ ನೋಡಿ, ಹತ್ತಕ್ಕೆ ಹತ್ತೂ ಹಿಡಿಯಬೇಕು. ಒಂಬತ್ತು ಹಿಡಿದು ಒಂದು ಬಿಟ್ಟರೆ ಇನ್ನೂ ಅರೆಕಾಲು ಸುತ್ತು ಬಿಗಿ ಮಾಡಿ. ಮ್ಯಾಚ್‌ಗೆ ಹೋದ ದಿನ ಅಲ್ಲಿಯ ತೂಕದಲ್ಲೇ ಇನ್ನೊಮ್ಮೆ ನೋಡಿಕೊಂಡು ಕಂಟ್ರೋಲ್‌ಗೆ ಕೊಡಿ, ಸಾಮಾನ್ಯವಾಗಿ ಟೇಬಲ್ ಪಕ್ಕ ಪ್ರಯತ್ನಿಸಿ ನೋಡಲು ಬಿಡುತ್ತಾರೆ.